ಯೋಗದ ಪ್ರಾಚೀನತೆ ಮತ್ತು ಆರೋಗ್ಯಫಲ: ‘ಯೋಗಮಕರಂದ’ವನ್ನು ಕುರಿತು ಒಂದು ವಿಮರ್ಶೆ

೧

ಯೋಗವನ್ನು ಕುರಿತು ಕನ್ನಡದಲ್ಲಿ ಹೊರಬಂದಿರುವ ಪುಸ್ತಕಗಳಲ್ಲಿ ಬಹುಪಾಲು ಎರಡು ಮಾತುಗಳಿಂದ ಆರಂಭವಾಗುತ್ತವೆ. ಯೋಗವು ಅನಾದಿಯಾದುದು ಎಂಬುದು ಮೊದಲನೆಯ ಮಾತು; ಅದು ಆರೋಗ್ಯಪ್ರದವಾದುದು ಎಂಬುದು ಎರಡನೆಯದು. ಇವೆರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದವರು ವಿರಳ. ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದೇ ರೂಢಿ. ಇಷ್ಟು ಪ್ರಾಚೀನವಾದುದರಿಂದ ಇದು ಹಿತವಾಗಿಯೇ ಇರಬೇಕು. ಇಷ್ಟು ಹಿತವಾದುದರಿಂದ ಇದು ಋಷಿಗಳು ಕಂಡುದೇ ಆಗಿರಬೇಕು ಎಂದು ವಾದವು ಸುತ್ತುತ್ತದೆ. ನೈಯಾಯಿಕರು ಇದನ್ನು ಅನ್ಯೋನ್ಯಾಶ್ರಯವೆಂದು ಕರೆದು ಬದಿಗಿಡುತ್ತಿದ್ದರು.

ಕನ್ನಡ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಈ ವಿಷಯಕ್ಕೆ ಎಡೆಯೆಲ್ಲಿ ಎಂದು ಕೆಲವರಿಗೆ ತೋರಬಹುದು. ಎಡೆಯುಂಟು. ಇಂದು ಪ್ರಪಂಚದ ನಾನಾ ದೇಶಗಳಲ್ಲಿ ಯೋಗವೆಂಬ ಹೆಸರಿನಲ್ಲಿ ನಡೆಯುತ್ತಿರುವ ಆಸನಾಭ್ಯಾಸದ ಒಂದು ಮುಖ್ಯ ಮೂಲ ಮೈಸೂರು. ಆ ಅಭ್ಯಾಸವನ್ನು ಮೊದಲು ಬರವಣಿಗೆಗೆ ಇಳಿಸಿದ ಗ್ರಂಥದ ಭಾಷೆ ಕನ್ನಡ. ತಿರುಮಲೈ ಕೃಷ್ಣಮಾಚಾರ್ಯರ ‘ಯೋಗಮಕರಂದ’ದ ಮೊದಲ ಭಾಗವು ೧೯೩೪ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಪ್ರಕಟವಾಯಿತು. ಅವರದೇ ‘ಯೋಗಾಸನಗಳು’ ೧೯೪೧ರಲ್ಲಿಯೂ, ಅವರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರ ‘ಯೋಗಮಾಲಾ’ ೧೯೬೨ರಲ್ಲಿಯೂ ಕನ್ನಡದಲ್ಲಿಯೇ ಹೊರಬಂದುವು. ಇವು ಕನ್ನಡ ಶಾಸ್ತ್ರಸಾಹಿತ್ಯಕ್ಕೆ ಸೇರಿದ ಗ್ರಂಥಗಳು. ವೈದ್ಯ, ಸೂಪಶಾಸ್ತ್ರ, ಗಣಿತಗಳನ್ನು ಕುರಿತ ಹಳೆಯ ಕನ್ನಡ ಗ್ರಂಥಗಳನ್ನು ಹೇಗೆ ಪಾಠವಾಗಿಯೂ ಪ್ರಮಾಣವಾಗಿಯೂ ಪರೀಕ್ಷಿಸುತ್ತೇವೆಯೋ ಹಾಗೆಯೇ ಇವುಗಳನ್ನೂ ಪರೀಕ್ಷಿಸಬೇಕಾಗಿದೆ. ಪ್ರಕೃತ ಲೇಖನದಲ್ಲಿ ‘ಯೋಗಮಕರಂದ’ವನ್ನು ಮುಂದಿಟ್ಟುಕೊಂಡು, ಪ್ರಾಚೀನತೆಯ ವಾದವನ್ನೂ ಆರೋಗ್ಯದ ವಾದವನ್ನೂ ಪ್ರತ್ಯೇಕವಾಗಿ ನೋಡುವ ಪ್ರಯತ್ನವಿದೆ. ಎರಡನ್ನೂ ಅತಿಯಾಗಿ ಎತ್ತಿ ಹೇಳಿರುವುದರಿಂದ ಗ್ರಂಥದ ನಿಜವಾದ ಬೆಲೆಯೇ ಮರೆಯಾಗಿದೆ ಎಂಬುದು ಇಲ್ಲಿಯ ಅಭಿಪ್ರಾಯ.

೨

ಮೊದಲು ಮೂಲದ ಪ್ರಶ್ನೆ. ಯೋಗದ ಚರಿತ್ರೆಯನ್ನು ಸಿಂಧೂ ನಾಗರಿಕತೆಯಿಂದ ಆರಂಭಿಸುವುದು ಈಗ ವಾಡಿಕೆಯಾಗಿದೆ. ಮೊಹೆಂಜೊದಾರೊದಲ್ಲಿ ೧೯೨೮-೨೯ರ ಉತ್ಖನನದಲ್ಲಿ ದೊರೆತ ಒಂದು ಮುದ್ರೆಯಲ್ಲಿ, ಕೊಂಬಿನ ಶಿರೋಭೂಷಣವನ್ನು ಧರಿಸಿ, ಹಿಮ್ಮಡಿಗಳನ್ನು ಕೂಡಿಸಿ ಕುಳಿತ ಒಂದು ಮೂರ್ತಿಯಿದೆ. ಅದನ್ನು ಶಿವನ ಪೂರ್ವರೂಪವೆಂದು ಜಾನ್ ಮಾರ್ಷಲ್ ೧೯೩೧ರಲ್ಲಿ ವಿವರಿಸಿದರು. ಆ ವಿವರಣೆ ಪಠ್ಯಪುಸ್ತಕಗಳಿಗೆ ಇಳಿಯಿತು. ಆದರೆ ಆ ಮೂರ್ತಿಯ ಮುಖ ಒಂದೋ ಮೂರೋ, ಮನುಷ್ಯನದೋ ಕೋಣನದೋ ಎಂಬುದರಲ್ಲಿಯೇ ಅನಂತರದ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಿಂಧೂ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಓದಿದವರೂ ಇಲ್ಲ. ಕುಳಿತ ಭಂಗಿಯೊಂದರಿಂದ ಒಂದು ಸಾಧನಮಾರ್ಗವನ್ನು ಊಹಿಸುವುದು, ಒಡೆದ ಮಡಕೆಯ ಚೂರಿನಿಂದ ಅಡಿಗೆಯ ರುಚಿಯನ್ನು ಹೇಳಿದಂತಾಗುವುದು. ಮುದ್ರೆಯನ್ನು ಕುತೂಹಲದ ವಸ್ತುವಾಗಿ ಇರಿಸಿಕೊಂಡು, ಗ್ರಂಥಪ್ರಮಾಣದ ಕಡೆಗೆ ತಿರುಗುವುದು ಕ್ಷೇಮ.

ಗ್ರಂಥಗಳಲ್ಲಿ ಸ್ಪಷ್ಟವಾದ ನೆಲೆ ದೊರೆಯುವುದು ಉಪನಿಷತ್ತುಗಳ ಕಾಲದಲ್ಲಿ. ಕಠೋಪನಿಷತ್ತು ಇಂದ್ರಿಯಗಳನ್ನು ಅಲುಗದಂತೆ ಹಿಡಿದಿಡುವುದನ್ನು ಯೋಗವೆಂದು ಕರೆಯುತ್ತದೆ. ಶ್ವೇತಾಶ್ವತರವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದೇಹವನ್ನು ನೆಟ್ಟಗೆ ನಿಲ್ಲಿಸಿ, ಉಸಿರನ್ನು ನಿಯಮಿಸಿ, ಸಮತಟ್ಟಾದ ಶುಚಿಯಾದ ಸ್ಥಳದಲ್ಲಿ ಕೂಡಬೇಕೆಂದು ಹೇಳುತ್ತದೆ. ಮೈ ಹಗುರವಾಗುವುದು, ರೋಗವಿಲ್ಲದಿರುವುದು, ಬಣ್ಣ ತಿಳಿಯಾಗುವುದು ಮುಂತಾದುವನ್ನು ಯೋಗವು ಕೈಹತ್ತುತ್ತಿರುವುದರ ಮೊದಲ ಗುರುತುಗಳೆಂದೂ ಅದು ಎಣಿಸುತ್ತದೆ. ಆರೋಗ್ಯದ ಮಾತು ಇಷ್ಟು ಹಿಂದೆಯೇ ಬಂದಿರುವುದನ್ನು ಗಮನಿಸಬೇಕು. ಅದು ಎಲ್ಲಿ ಬಂದಿದೆ ಎಂಬುದನ್ನೂ ಗಮನಿಸಬೇಕು. ಅದು ದಾರಿಯಲ್ಲಿ ಸಿಗುವ ಗುರುತೇ ಹೊರತು ತಲುಪಬೇಕಾದ ಊರಲ್ಲ.

ಪತಂಜಲಿಯ ಯೋಗಸೂತ್ರಗಳಲ್ಲಿಯೂ ಇದೇ ದೃಷ್ಟಿ ಇದೆ. ಭಾಷ್ಯಸಹಿತವಾದ ಈ ಗ್ರಂಥವನ್ನು ಕ್ರಿ. ಶ. ೪ನೆಯ ಶತಮಾನದ ಆಸುಪಾಸಿಗೆ ಸೇರಿಸುವುದು ಈಚಿನ ಪಾಠಸಂಶೋಧಕರಲ್ಲಿ ಬಲವಾದ ಮತ. ಸುಮಾರು ೧೯೫ ಸೂತ್ರಗಳಲ್ಲಿ ಆಸನವನ್ನು ಕುರಿತವು ಮೂರೇ ಮೂರು. ಅವುಗಳಲ್ಲಿ ಒಂದು ಆಸನದ ಹೆಸರೂ ಇಲ್ಲ. ಅಲುಗದೆ ಸುಖವಾಗಿ ಕೂಡುವಂತಿರಬೇಕು ಎಂಬುದಷ್ಟೇ ತಾತ್ಪರ್ಯ. ಭಾಷ್ಯವು ಹತ್ತು ಹನ್ನೆರಡು ಹೆಸರುಗಳನ್ನು ಕೊಡುತ್ತದೆ. ಅವು ಧ್ಯಾನಕ್ಕೆ ಅನುಕೂಲವಾದ ಭಂಗಿಗಳು. ವ್ಯಾಧಿಯು ಈ ದರ್ಶನದಲ್ಲಿ ಚಿತ್ತವನ್ನು ಚದುರಿಸುವ ಅಂತರಾಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರುತ್ತದೆ. ಅಂದರೆ ಪತಂಜಲಿಗೆ ಆರೋಗ್ಯವು ಬೇಕಾಗಿರುವುದು ಅಡ್ಡಿಯೊಂದು ತೊಲಗಲಿ ಎಂದು. ಬೆನ್ನುನೋವಿಗೆ ಮದ್ದನ್ನು ಹುಡುಕಿಕೊಂಡು ಯೋಗಸೂತ್ರಕ್ಕೆ ಬಂದವನು ಬರಿಗೈಯಲ್ಲಿ ಹಿಂದಿರುಗುವನು.

೩

ದೇಹವನ್ನೇ ಸಾಧನೆಯ ಕ್ಷೇತ್ರವನ್ನಾಗಿ ಮಾಡಿಕೊಂಡ ಹಠಯೋಗದ ಗ್ರಂಥಗಳು ಇದಕ್ಕಿಂತ ಬಹಳ ಈಚಿನವು. ಹಠಯೋಗದ ಮುಖ್ಯ ತತ್ತ್ವಗಳನ್ನು ಮೊದಲು ನಿರೂಪಿಸುವ ‘ಅಮೃತಸಿದ್ಧಿ’ ೧೧ನೆಯ ಶತಮಾನದ್ದು. ಅದು ಬೌದ್ಧ ತಾಂತ್ರಿಕರ ವಲಯದಲ್ಲಿ ಹುಟ್ಟಿದುದೆಂದು ಅದರ ಪ್ರತಿಗಳನ್ನು ಪರಿಶೀಲಿಸಿದವರು ತೋರಿಸಿದ್ದಾರೆ. ಹಠಯೋಗವೆಂಬ ಹೆಸರಿನಿಂದಲೇ ಅಭ್ಯಾಸಕ್ರಮವನ್ನು ವಿಧಿಸುವ ‘ದತ್ತಾತ್ರೇಯಯೋಗಶಾಸ್ತ್ರ’ವು ೧೩ನೆಯ ಶತಮಾನದ್ದು. ಸ್ವಾತ್ಮಾರಾಮನ ‘ಹಠಪ್ರದೀಪಿಕೆ’ ೧೫ನೆಯ ಶತಮಾನದ್ದು. ಅದರಲ್ಲಿ ವರ್ಣಿತವಾದ ಆಸನಗಳು ೧೫. ಸುಮಾರು ೧೭೦೦ರ ವೇಳೆಗೆ ಹುಟ್ಟಿದ ‘ಘೇರಂಡಸಂಹಿತೆ’ಯಲ್ಲಿ ಅವು ೩೨ ಆಗುತ್ತವೆ. ಶಾಸ್ತ್ರವು ಬೆಳೆಯುತ್ತಿದ್ದುದಕ್ಕೆ ಈ ಸಂಖ್ಯೆಗಳೇ ಸಾಕ್ಷಿ.

ಈ ಬೆಳವಣಿಗೆಯ ಕಾಲದಲ್ಲಿ ಕನ್ನಡನಾಡು ಸುಮ್ಮನೆ ನೋಡುತ್ತ ಕುಳಿತಿರಲಿಲ್ಲ. ಚನ್ನಸದಾಶಿವಯೋಗಿಯ ‘ಶಿವಯೋಗಪ್ರದೀಪಿಕೆ’ಯು ಸಂಸ್ಕೃತದಲ್ಲಿದ್ದರೂ ವೀರಶೈವ ಪರಿಸರದ ಕೃತಿ. ಮಂತ್ರ, ಲಯ, ಹಠ, ರಾಜ ಎಂಬ ನಾಲ್ಕು ಯೋಗಗಳನ್ನು ಅದು ಶಿವಯೋಗಕ್ಕೆ ಹೊಂದಿಸುತ್ತದೆ. ನಿಜಗುಣ ಶಿವಯೋಗಿಯು ಅದಕ್ಕೆ ‘ಪರಮಾರ್ಥಪ್ರಕಾಶಿಕೆ’ಯೆಂಬ ಕನ್ನಡ ವ್ಯಾಖ್ಯಾನವನ್ನು ಬರೆದನು. ಹೀಗೆ ಯೋಗಶಾಸ್ತ್ರವನ್ನು ಕನ್ನಡ ಗದ್ಯದಲ್ಲಿ ವಿವರಿಸುವ ಪದ್ಧತಿಯು ‘ಯೋಗಮಕರಂದ’ಕ್ಕೆ ಶತಮಾನಗಳ ಮುಂಚೆಯೇ ನಮ್ಮಲ್ಲಿ ನೆಲೆಗೊಂಡಿತ್ತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವೆಂದರೆ, ಹಠಯೋಗದ ಮೇಲೆ ಕನ್ನಡ ಸಾಹಿತ್ಯವು ಒಂದು ತೀಕ್ಷ್ಣವಾದ ವಿಮರ್ಶೆಯನ್ನೂ ಬೆಳೆಸಿತ್ತೆಂಬುದು. ಪ್ರೌಢದೇವರಾಯನ ಕಾಲದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ‘ಶೂನ್ಯಸಂಪಾದನೆ’ಯಲ್ಲಿಯೂ ಬರುವ ಅಲ್ಲಮ-ಗೋರಕ್ಷರ ಪ್ರಸಂಗವನ್ನು ವಿದ್ಯಾರ್ಥಿಗಳು ಬಲ್ಲರು. ಗೋರಕ್ಷನು ಯೋಗಬಲದಿಂದ ದೇಹವನ್ನು ವಜ್ರವನ್ನಾಗಿ ಮಾಡಿಕೊಂಡವನು. ಅವನ ಮೈಗೆ ಖಡ್ಗ ತಾಗಿದರೆ ಲೋಹಕ್ಕೆ ಲೋಹ ಬಡಿದಂತೆ ಶಬ್ದವಾಗುತ್ತದೆ. ಅದೇ ಖಡ್ಗವನ್ನು ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಆಡಿದಂತೆ ಹಾದುಹೋಗುತ್ತದೆ. ದೇಹವನ್ನು ಕೆಡದಂತೆ ಉಳಿಸಿಕೊಳ್ಳುವುದೇ ಸಿದ್ಧಿಯಾದರೆ, ದೇಹಾಭಿಮಾನವು ಅಳಿಯುವುದು ಯಾವಾಗ ಎಂಬುದು ಆ ಪ್ರಸಂಗದ ಪ್ರಶ್ನೆ. ಗಟ್ಟಿಮುಟ್ಟಾದ ಶರೀರವನ್ನೇ ಯೋಗದ ಪರಮಫಲವೆಂದು ಹೇಳುವ ಇಂದಿನ ಪ್ರಚಾರಪುಸ್ತಕಗಳನ್ನು ಓದುವಾಗ, ಐದಾರು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ಎತ್ತಿದ ಈ ಆಕ್ಷೇಪವನ್ನು ನೆನೆಯಬೇಕು. ಯೋಗವೆಂಬ ಒಂದೇ ಹೆಸರಿನ ಕೆಳಗೆ ಪರಸ್ಪರ ವಾದಿಸಿದ ಹಲವು ಮಾರ್ಗಗಳಿದ್ದುವು. ಅವೆಲ್ಲವೂ ಒಂದೇ ಅಖಂಡವಾದ ಪರಂಪರೆಯೆಂದು ಹೇಳುವುದು ಆ ವಾದಗಳಿಗೇ ಅಪಚಾರ.

೪

ಇನ್ನು ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಸಂಕಲನವು ಒಂಬತ್ತು ನಿಧಿಗಳುಳ್ಳದ್ದು. ಅದರ ಕೌತುಕನಿಧಿಯಲ್ಲಿ ೧೨೨ ಆಸನಗಳ ಚಿತ್ರಗಳೂ ವಿವರಣೆಗಳೂ ಇವೆ. ಹಗ್ಗವನ್ನು ಹಿಡಿದು ಮಾಡುವ ಆಸನಗಳೂ, ಗರಡಿಯ ಸಾಧನೆಯನ್ನು ನೆನಪಿಗೆ ತರುವ ಚಲನೆಗಳೂ ಅಲ್ಲಿ ಸೇರಿವೆ. ಇದರ ಮಹತ್ತ್ವವನ್ನು ವಿದ್ವತ್‌ಪ್ರಪಂಚಕ್ಕೆ ತೋರಿಸಿಕೊಟ್ಟವರು ನಾರ್ಮನ್ ಶೋಮನ್. ಮೈಸೂರು ಅರಮನೆಯ ಯೋಗಪರಂಪರೆಯನ್ನು ಕುರಿತ ಅವರ ಗ್ರಂಥವು ೧೯೯೬ರಲ್ಲಿ ಹೊರಬಂದಿತು. ಅನಂತರ ಜೇಸನ್ ಬರ್ಚ್ ಮತ್ತು ಮಾರ್ಕ್ ಸಿಂಗಲ್ಟನ್ ಅವರು ಪುಣೆಯಲ್ಲಿರುವ ‘ಹಠಾಭ್ಯಾಸಪದ್ಧತಿ’ ಎಂಬ ಹಸ್ತಪ್ರತಿಯನ್ನು ಅಭ್ಯಸಿಸಿ, ಅದರ ೧೧೨ ಆಸನಗಳಿಗೂ ‘ಶ್ರೀತತ್ತ್ವನಿಧಿ’ಯ ಆಸನಗಳಿಗೂ ನಿಕಟವಾದ ಸಂಬಂಧವಿದೆಯೆಂದು ತೋರಿಸಿದರು. ಆ ಕೃತಿಯ ಕರ್ತೃವಿನ ಹೆಸರು ಕಪಾಲಕುರಂಟಕ.

ಈ ಹೆಸರಿಗೆ ನಮ್ಮ ವಿಷಯದಲ್ಲಿ ವಿಶೇಷವಾದ ಸ್ವಾರಸ್ಯವಿದೆ. ಕೃಷ್ಣಮಾಚಾರ್ಯರ ಶಿಷ್ಯಪರಂಪರೆಯಲ್ಲಿ ‘ಯೋಗಕುರುಂಟ’ ಎಂಬ ಒಂದು ಪ್ರಾಚೀನ ಗ್ರಂಥದ ಮಾತು ಬರುತ್ತದೆ. ಅದು ವಾಮನ ಋಷಿಯದೆಂದೂ, ಆಸನಗಳ ಕ್ರಮವೆಲ್ಲ ಅದರಲ್ಲಿತ್ತೆಂದೂ, ಅದರ ಪ್ರತಿಯನ್ನು ಇರುವೆಗಳು ತಿಂದು ಹಾಳುಮಾಡಿದುವೆಂದೂ ಹೇಳುತ್ತಾರೆ. ಆ ಗ್ರಂಥದ ಪ್ರತಿಯನ್ನು ಯಾವ ವಿದ್ವಾಂಸರೂ ಇದುವರೆಗೆ ಮುಂದಿಟ್ಟಿಲ್ಲ. ಕುರಂಟಕನ ಕೃತಿಯ ನೆನಪೇ ಈ ಹೆಸರಿನಲ್ಲಿ ಉಳಿದಿರಬಹುದೆಂಬ ಊಹೆಯು ಅಸಂಗತವಲ್ಲ. ಹಾಗಾದರೂ ದೊರೆಯುವುದು ೧೮ನೆಯ ಶತಮಾನದ ಸುಮಾರಿನ ಒಂದು ಹಠಯೋಗ ಗ್ರಂಥವೇ ಹೊರತು ಋಷಿಕಾಲದ ಗ್ರಂಥವಲ್ಲ.

ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ೧೮೮೮ರಲ್ಲಿ ಹುಟ್ಟಿದ ಕೃಷ್ಣಮಾಚಾರ್ಯರು ದರ್ಶನಶಾಸ್ತ್ರಗಳಲ್ಲಿ ನುರಿತ ಪಂಡಿತರು. ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರಿಗಾಗಿ ಯೋಗಶಾಲೆ ತೆರೆಯಿತು. ೧೯೫೦ರಲ್ಲಿ ಅದು ಮುಚ್ಚಿತು. ಅರಸು ಮನೆತನದ ಬಾಲಕರು ಅಲ್ಲಿಯ ಮುಖ್ಯ ವಿದ್ಯಾರ್ಥಿಗಳು. ದೇಹಪೋಷಣೆಯ ಹುಮ್ಮಸ್ಸು ದೇಶವನ್ನೆಲ್ಲ ವ್ಯಾಪಿಸಿದ್ದ ಕಾಲ ಅದು. ಔಂಧ್ ಸಂಸ್ಥಾನದ ರಾಜರಾದ ಭವಾನರಾವ್ ಪಂತ್ ಪ್ರತಿನಿಧಿಯವರು ಸೂರ್ಯನಮಸ್ಕಾರವನ್ನು ಸಾರ್ವಜನಿಕ ವ್ಯಾಯಾಮವನ್ನಾಗಿ ಪ್ರಚಾರಗೊಳಿಸಿದ್ದರು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಹೆಸರಾಗಿತ್ತು. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ನಾವು ಬಲ್ಲ ಅಯ್ಯರ್ ಅವರೇ ಇವರು. ಪಾಶ್ಚಾತ್ಯ ಕವಾಯತಿನ ಪದ್ಧತಿಗಳೂ ಶಾಲೆಗಳಲ್ಲಿ ಬಳಕೆಯಲ್ಲಿದ್ದುವು. ಇವೆಲ್ಲದರ ಪ್ರಭಾವದಿಂದ ಆಧುನಿಕ ಆಸನಾಭ್ಯಾಸವು ರೂಪುಗೊಂಡಿತೆಂದು ಸಿಂಗಲ್ಟನ್ ಅವರು ೨೦೧೦ರಲ್ಲಿ ವಾದಿಸಿದಾಗ ಬಹಳ ಕೋಲಾಹಲವಾಯಿತು. ಆ ವಾದವನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಚಲನೆಯಿಂದ ಕೂಡಿದ ಆಸನಗಳೂ ನೂರಕ್ಕೆ ಮಿಕ್ಕ ಆಸನಗಳ ಪಟ್ಟಿಗಳೂ ಪಾಶ್ಚಾತ್ಯ ಕವಾಯತು ಇಲ್ಲಿ ಹರಡುವುದಕ್ಕೆ ಮೊದಲೇ ಇದ್ದುವೆಂಬುದು ‘ಹಠಾಭ್ಯಾಸಪದ್ಧತಿ’ಯಿಂದ ಸಿದ್ಧವಾಗುತ್ತದೆ, ಇದನ್ನು ತೋರಿಸಿದವರಲ್ಲಿ ಸಿಂಗಲ್ಟನ್ ಅವರೂ ಒಬ್ಬರೆಂಬುದು ಅವರ ಪ್ರಾಮಾಣಿಕತೆಗೆ ನಿದರ್ಶನ. ಆದರೆ ಅಂದಿನ ಕಾಲದ ಒತ್ತಡ ಮೈಸೂರಿನ ಯೋಗಶಾಲೆಯನ್ನು ಮುಟ್ಟಲೇ ಇಲ್ಲವೆಂದು ಸಾಧಿಸುವುದೂ ಶಕ್ಯವಲ್ಲ.

೫

ಈ ಹಿನ್ನೆಲೆಯಲ್ಲಿ ‘ಯೋಗಮಕರಂದ’ವನ್ನು ತೆರೆದರೆ ಅದರ ಎರಡು ಮುಖಗಳು ಕಾಣುತ್ತವೆ. ಒಂದು, ಸಂಪ್ರದಾಯಸ್ಥ ಪಂಡಿತರ ಮುಖ. ಗ್ರಂಥಕರ್ತರು ತಮಗೆ ಆಧಾರವೆಂದು ೨೭ ಗ್ರಂಥಗಳನ್ನು ಹೆಸರಿಸಿದ್ದಾರೆ. ಪಾತಂಜಲ ದರ್ಶನ, ಹಠಪ್ರದೀಪಿಕೆ, ಘೇರಂಡಸಂಹಿತೆ, ಯೋಗಯಾಜ್ಞವಲ್ಕ್ಯ, ಹಲವು ಯೋಗೋಪನಿಷತ್ತುಗಳು, ಪಾಂಚರಾತ್ರ ಸಂಹಿತೆಗಳು, ಜೊತೆಗೆ ‘ಶ್ರೀತತ್ತ್ವನಿಧಿ’ಯೂ ಆ ಪಟ್ಟಿಯಲ್ಲಿದೆ. ಆದರೆ ಪುಸ್ತಕದಲ್ಲಿ ವರ್ಣಿತವಾದ ಆಸನಗಳಲ್ಲಿ ಹಲವಕ್ಕೆ ಈ ಪಟ್ಟಿಯ ಪ್ರಾಚೀನ ಗ್ರಂಥಗಳಲ್ಲಿ ಆಧಾರ ದೊರೆಯುವುದಿಲ್ಲವೆಂದು ಶೋಮನ್ ಅವರು ಆಕ್ಷೇಪಿಸಿದ್ದಾರೆ. ಆಕ್ಷೇಪವು ಸರಿಯೇ. ಆದರೆ ಶಾಸ್ತ್ರಗ್ರಂಥಗಳ ರೀತಿಯನ್ನು ಬಲ್ಲವರು ಇದನ್ನು ವಂಚನೆಯೆಂದು ಕರೆಯಲಾರರು. ಪೂರ್ವಾಚಾರ್ಯರನ್ನು ಸ್ಮರಿಸಿ ಹೊಸದನ್ನು ಹೇಳುವುದು ನಮ್ಮ ಶಾಸ್ತ್ರಕಾರರ ನಡೆ. ಅಂತಹ ಪಟ್ಟಿಯು ಗುರುಪರಂಪರೆಗೆ ಸಲ್ಲಿಸುವ ವಂದನೆ. ಅದನ್ನು ಇಂದಿನ ಸಂಶೋಧನ ಪ್ರಬಂಧದ ಗ್ರಂಥಋಣವೆಂಬಂತೆ ಓದುವುದೇ ತೊಡಕಿಗೆ ಕಾರಣ.

ಎರಡನೆಯದು, ಗುರುವಿನ ಮುಖ. ಗ್ರಂಥದ ಹೊಸತನವಿರುವುದು ಇಲ್ಲಿಯೇ. ಪ್ರತಿಯೊಂದು ಆಸನವನ್ನೂ ಹಂತಹಂತವಾಗಿ ಬಿಡಿಸಿ, ಯಾವ ಹಂತದಲ್ಲಿ ರೇಚಕ, ಯಾವುದರಲ್ಲಿ ಪೂರಕ, ಎಲ್ಲಿ ಕುಂಭಕ ಎಂದು ಗೊತ್ತುಪಡಿಸಲಾಗಿದೆ. ಈ ಕ್ರಮಕ್ಕೆ ವಿನ್ಯಾಸವೆಂದು ಹೆಸರು. ಇದನ್ನು ಬಿಟ್ಟು ಆಸನ ಮಾಡಿದರೆ ಪೂರ್ಣಫಲ ದೊರೆಯದೆಂಬುದು ಗ್ರಂಥದ ಒತ್ತಾಯ. ೧೯೪೧ರ ‘ಯೋಗಾಸನಗಳು’ ಪುಸ್ತಕದಲ್ಲಿ ಇದು ಇನ್ನೂ ಪಕ್ವವಾಗಿ, ಮೊದಲಿಗರು, ನಡುವಣವರು, ಪರಿಣತರು ಎಂಬ ಮೂರು ದರ್ಜೆಗಳಿಗೆ ತಕ್ಕಂತೆ ಆಸನಗಳ ಕೋಷ್ಟಕಗಳಾಗಿ ನಿಂತಿದೆ. ಉಸಿರನ್ನೂ ಚಲನೆಯನ್ನೂ ಹೆಜ್ಜೆಹೆಜ್ಜೆಗೂ ಜೋಡಿಸಿ, ಎಣಿಕೆ ಹಾಕಿ, ಪಾಠಕ್ರಮವಾಗಿ ಕಟ್ಟಿದ ಇಂತಹ ವ್ಯವಸ್ಥೆಯನ್ನು ಹಠಪ್ರದೀಪಿಕೆಯಲ್ಲಿಯಾಗಲಿ ಘೇರಂಡಸಂಹಿತೆಯಲ್ಲಿಯಾಗಲಿ ಕಾಣೆವು. ಇದು ಒಬ್ಬ ಸಮರ್ಥ ಅಧ್ಯಾಪಕರು, ಹದಿಹರೆಯದ ಹುಡುಗರನ್ನು ಎದುರಿಗಿಟ್ಟುಕೊಂಡು, ಹಳೆಯ ಸಾಮಗ್ರಿಯಿಂದ ಕಟ್ಟಿದ ಹೊಸ ಶಿಕ್ಷಣಪದ್ಧತಿ. ಪಟ್ಟಾಭಿ ಜೋಯಿಸರೂ, ೧೯೬೬ರಲ್ಲಿ ಇಂಗ್ಲಿಷಿನಲ್ಲಿ ಸುಮಾರು ೨೦೦ ಆಸನಗಳ ಸಚಿತ್ರ ಗ್ರಂಥವನ್ನು ಹೊರತಂದ ಬಿ. ಕೆ. ಎಸ್. ಅಯ್ಯಂಗಾರ್ ಅವರೂ ಈ ಪದ್ಧತಿಯಿಂದಲೇ ಹೊರಟು ತಮ್ಮ ತಮ್ಮ ಮಾರ್ಗಗಳನ್ನು ರೂಪಿಸಿಕೊಂಡರು.

ಹೀಗಿರುವಾಗ, ಇದೆಲ್ಲವೂ ಸಹಸ್ರಾರು ವರ್ಷಗಳಿಂದ ಬದಲಾಗದೆ ಬಂದದ್ದು ಎಂದರೆ, ಕೃಷ್ಣಮಾಚಾರ್ಯರಿಗೆ ಸಲ್ಲಬೇಕಾದ ಗೌರವ ಹೆಚ್ಚುತ್ತದೆಯೋ ಕಡಮೆಯಾಗುತ್ತದೆಯೋ? ಕಡಮೆಯಾಗುತ್ತದೆ ಎಂದೇ ಹೇಳಬೇಕು. ಕುಮಾರವ್ಯಾಸನು ಭಾರತವನ್ನು ವ್ಯಾಸನಿಂದ ಪಡೆದನು. ಆದರೂ ಕನ್ನಡ ಭಾರತ ಅವನದು. ಪ್ರಾಚೀನತೆಯ ಅತ್ಯುಕ್ತಿಯು ಕನ್ನಡದ ಈ ಕೃತಿಯನ್ನು ಬರಿಯ ನಕಲನ್ನಾಗಿ ಮಾಡಿಬಿಡುತ್ತದೆ.

೬

ಇನ್ನು ಆರೋಗ್ಯಫಲದ ವಿಚಾರ. ‘ಯೋಗಮಕರಂದ’ದಲ್ಲಿ ಆಸನದ ವಿವರಣೆಯ ಅನಂತರ ಅದರ ಫಲವು ಬರುತ್ತದೆ. ಯಾವ ಅಂಗಕ್ಕೆ ಬಲ, ಯಾವ ರೋಗಕ್ಕೆ ಪರಿಹಾರ ಎಂದು ಅಲ್ಲಿ ಹೇಳಲಾಗಿದೆ. ಇದು ಹೊಸ ರೀತಿಯೇನೂ ಅಲ್ಲ. ಮಯೂರಾಸನವು ಹೊಟ್ಟೆಯ ರೋಗಗಳನ್ನು ನೀಗುವುದಲ್ಲದೆ ವಿಷವನ್ನೂ ಅರಗಿಸುವುದೆಂದು ಹಠಪ್ರದೀಪಿಕೆಯೇ ಹೇಳಿದೆ. ಇಂತಹ ಮಾತುಗಳ ಜಾತಿಯಾವುದು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಸುಲಭವಾಗಿ ಗುರುತಿಸಬಲ್ಲರು. ಇದು ಫಲಶ್ರುತಿ. ಕಾವ್ಯವನ್ನು ಕೇಳಿದವರಿಗೆ ಪುತ್ರಲಾಭ, ಧನಲಾಭ, ಪಾಪಕ್ಷಯ ಉಂಟಾಗುವುದೆಂದು ನಮ್ಮ ಕವಿಗಳು ಹೇಳಿದ್ದಾರೆ. ಅದನ್ನು ಓದಿ ಯಾರೂ ಕವಿಯ ಮೇಲೆ ದಾವೆ ಹೂಡುವುದಿಲ್ಲ. ಶ್ರೋತೃವಿನಲ್ಲಿ ಶ್ರದ್ಧೆಯನ್ನು ಹುಟ್ಟಿಸಿ ಕಾರ್ಯಕ್ಕೆ ಪ್ರೇರಿಸುವುದು ಅದರ ಉದ್ದೇಶ. ಮೀಮಾಂಸಕರು ಅದನ್ನು ಅರ್ಥವಾದವೆಂದರು.

ಆದರೆ ೧೯೩೪ರ ವೇಳೆಗೆ ಈ ಫಲಶ್ರುತಿಯ ನೆಲೆ ಬದಲಾಗಿತ್ತು. ನಾಡಿ, ಚಕ್ರಗಳ ಮಾತಿನ ಪಕ್ಕದಲ್ಲಿಯೇ ರಕ್ತಸಂಚಾರದ ಮಾತೂ ಬಂದು ಕೂಡಿತು. ಅರ್ಥವಾದವು ವೈದ್ಯಕೀಯ ವಾಕ್ಯದ ವೇಷವನ್ನು ತೊಟ್ಟಿತು. ಓದುವವನು ಅದನ್ನು ಔಷಧದ ಸೀಸೆಯ ಮೇಲಿನ ಚೀಟಿಯಂತೆ ಓದತೊಡಗಿದನು. ಅಪಾಯವಿರುವುದು ಇಲ್ಲಿ. ಒಂದು ನಿದರ್ಶನವನ್ನು ನೋಡೋಣ. ಶೀರ್ಷಾಸನವು ಕಣ್ಣಿಗೆ ಹಿತವೆಂದು ಜನಪ್ರಿಯ ಪುಸ್ತಕಗಳಲ್ಲಿ ಬರೆಯುವುದುಂಟು. ಶೀರ್ಷಾಸನದ ಸಮಯದಲ್ಲಿ ಕಣ್ಣಿನ ಒಳಗಿನ ಒತ್ತಡವು ಸುಮಾರು ಎರಡರಷ್ಟಾಗುತ್ತದೆಂದು ಯೋಗಾಭ್ಯಾಸಿಗಳ ಮೇಲೆಯೇ ನಡೆಸಿದ, ೨೦೦೬ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಳೆದು ತೋರಿಸಿದೆ. ಗ್ಲಾಕೋಮವುಳ್ಳ ರೋಗಿಯೊಬ್ಬನು ಫಲಶ್ರುತಿಯನ್ನು ನಂಬಿ ಆ ಆಸನವನ್ನು ಹಿಡಿದರೆ, ದೃಷ್ಟಿಗೇ ಅಪಾಯವಾಗಬಹುದು. ಗ್ರಂಥದ ಜಾತಿಯನ್ನು ತಪ್ಪಾಗಿ ಗುರುತಿಸುವುದು ಇಲ್ಲಿ ಬರಿಯ ಸಾಹಿತ್ಯದೋಷವಾಗಿ ಉಳಿಯುವುದಿಲ್ಲ.

ಹಾಗಾದರೆ ಯೋಗದ ಆರೋಗ್ಯಫಲವೆಲ್ಲ ಕಲ್ಪನೆಯೇ? ಖಂಡಿತವಾಗಿಯೂ ಅಲ್ಲ. ಅಳೆದು ನೋಡುವ ಪದ್ಧತಿಯೂ ನಮ್ಮವರಿಂದಲೇ ಆರಂಭವಾಯಿತೆಂಬುದು ಸಂತೋಷದ ವಿಷಯ. ಸ್ವಾಮಿ ಕುವಲಯಾನಂದರು ೧೯೨೪ರಲ್ಲಿ ಲೋನಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ‘ಯೋಗಮೀಮಾಂಸಾ’ ಎಂಬ ಪತ್ರಿಕೆಯನ್ನು ಹೊರಡಿಸಿ, ಉಡ್ಡಿಯಾನ ಮತ್ತು ನೌಲಿಗಳ ಸಮಯದಲ್ಲಿ ದೇಹದೊಳಗಿನ ಒತ್ತಡವು ಹೇಗೆ ಇಳಿಯುವುದೆಂಬುದನ್ನು ಉಪಕರಣಗಳಿಂದ ಅಳೆದರು. ಹೃದಯವನ್ನು ನಿಲ್ಲಿಸಬಲ್ಲೆವೆಂದು ಕೆಲವು ಯೋಗಿಗಳು ಹೇಳುತ್ತಿದ್ದುದನ್ನು ವೆಂಗರ್, ಬಾಗ್ಚಿ, ಆನಂದ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ ೧೯೬೧ರಲ್ಲಿ ವರದಿಮಾಡಿದರು. ಮಣಿಕಟ್ಟಿನಲ್ಲಿ ನಾಡಿ ಸಿಗದಂತಾಗುವುದೂ ಹೃದಯದ ಶಬ್ದ ಕೇಳದಂತಾಗುವುದೂ ನಿಜವೆಂದು ಕಂಡುಬಂದಿತು. ಆದರೆ ವಿದ್ಯುತ್ ದಾಖಲೆಯಲ್ಲಿ ಹೃದಯವು ಮಿಡಿಯುತ್ತಲೇ ಇತ್ತು. ಉಸಿರನ್ನು ಹಿಡಿದು ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಒಳಗಿನ ಒತ್ತಡವು ಏರಿ, ಹೃದಯಕ್ಕೆ ಹಿಂದಿರುಗುವ ರಕ್ತವು ಕುಂದುವುದೇ ಅದಕ್ಕೆ ಕಾರಣ. ಅಭ್ಯಾಸಿಯ ಸಾಮರ್ಥ್ಯ ಸತ್ಯ. ಅದಕ್ಕೆ ಕೊಟ್ಟ ವಿವರಣೆ ಮಾತ್ರ ಸತ್ಯವಲ್ಲ. ಯೋಗದ ಫಲವನ್ನು ಕುರಿತ ಎಲ್ಲ ವಿಚಾರಣೆಗೂ ಈ ವರದಿಯು ಮಾದರಿಯಾಗಬಲ್ಲುದು.

ಈಚಿನ ವೈದ್ಯಕೀಯ ಪ್ರಯೋಗಗಳು ಹೇಳುವುದೇನು? ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯು ಬಹುಕಾಲದ ಸೊಂಟನೋವನ್ನು ಕುರಿತು ೨೦೨೨ರಲ್ಲಿ ಹೊರತಂದ ಸಮೀಕ್ಷೆಯಲ್ಲಿ ೨೧ ಪ್ರಯೋಗಗಳೂ ೨,೨೨೩ ಜನರೂ ಸೇರಿದ್ದರು. ವ್ಯಾಯಾಮವನ್ನೇ ಮಾಡದವರೊಡನೆ ಹೋಲಿಸಿದರೆ, ಯೋಗಾಭ್ಯಾಸಿಗಳಿಗೆ ನೋವಿನಲ್ಲಿಯೂ ಚಲನವಲನದಲ್ಲಿಯೂ ಅಲ್ಪವಾದ ಗುಣ ಕಂಡಿತು; ಬೆನ್ನಿಗಾಗಿಯೇ ವಿಧಿಸಿದ ಬೇರೆ ವ್ಯಾಯಾಮಗಳೊಡನೆ ಹೋಲಿಸಿದರೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಕೆಲವರಲ್ಲಿ ನೋವು ಹೆಚ್ಚಿದುದೂ ದಾಖಲಾಗಿದೆ. ಉಬ್ಬಸವನ್ನು ಕುರಿತ ೨೦೧೬ರ ಸಮೀಕ್ಷೆಯು ೧೫ ಪ್ರಯೋಗಗಳನ್ನೂ ೧,೦೪೮ ಜನರನ್ನೂ ಒಳಗೊಂಡಿತ್ತು. ಅಲ್ಲಿಯೂ ರೋಗಲಕ್ಷಣಗಳಲ್ಲಿ ಮತ್ತು ದಿನನಿತ್ಯದ ನೆಮ್ಮದಿಯಲ್ಲಿ ಸ್ವಲ್ಪಮಟ್ಟಿನ ಸುಧಾರಣೆ ಕಂಡುಬಂದಿತು. ಇದು ಸಣ್ಣ ಫಲವೆಂದು ಮೂಗು ಮುರಿಯಬೇಕಾಗಿಲ್ಲ. ಹೆಚ್ಚು ಖರ್ಚಿಲ್ಲದೆ, ಒಂದು ಚಾಪೆಯ ಅಗಲದ ಜಾಗದಲ್ಲಿ, ತಕ್ಕ ಗುರುವಿನ ಕಣ್ಣೆದುರಿನಲ್ಲಿ ಮಾಡಬಹುದಾದ ಅಭ್ಯಾಸವೊಂದು ಇಷ್ಟು ಮಾಡಿದರೆ ಅದು ದೊಡ್ಡದೇ. ಆದರೆ ಅದು ಚಿಕಿತ್ಸೆಯ ಜೊತೆಯಲ್ಲಿ ನಿಲ್ಲಬೇಕೇ ಹೊರತು ಚಿಕಿತ್ಸೆಯ ಸ್ಥಾನದಲ್ಲಿ ಅಲ್ಲ.

ಈ ಸುಧಾರಣೆಗೂ ಆಸನದ ವಯಸ್ಸಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಪತಂಜಲಿಯ ಕಾಲದಲ್ಲಿ ಹುಟ್ಟಿದ ಭಂಗಿಯಾಗಲಿ ೧೯೩೦ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಹುಟ್ಟಿದ ಭಂಗಿಯಾಗಲಿ, ಸೊಂಟದ ಸ್ನಾಯುವಿಗೆ ಎರಡೂ ಒಂದೇ. ಹೊಸತೆಂದು ಗೊತ್ತಾದರೆ ಗುಣ ಕುಂದುವುದಿಲ್ಲ. ಹಳತೆಂದು ಸಿದ್ಧವಾದರೆ ಗುಣ ಹೆಚ್ಚುವುದೂ ಇಲ್ಲ.

೭

ವಿಶ್ವಸಂಸ್ಥೆಯು ೨೦೧೪ರ ಡಿಸೆಂಬರಿನಲ್ಲಿ ಕೈಗೊಂಡ ನಿರ್ಣಯದಂತೆ ೨೦೧೫ರಿಂದ 
ಜೂನ್ ೨೧ನೆಯ ದಿನವು ಅಂತರರಾಷ್ಟ್ರೀಯ ಯೋಗದಿನವಾಗಿ ಆಚರಣೆಗೆ ಬಂದಿದೆ. ಕಾಲೇಜುಗಳಲ್ಲಿ ಅಂದು ಅಧ್ಯಾಪಕರು ಭಾಷಣ ಮಾಡಬೇಕಾಗುತ್ತದೆ. ವಿದ್ಯಾರ್ಥಿಗಳು ಪ್ರಬಂಧ ಬರೆಯಬೇಕಾಗುತ್ತದೆ. ಅಂತಹ ಸಂದರ್ಭದಲ್ಲಿ ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ಹೇಳುವುದು ಯುಕ್ತ. ಯೋಗವೆಂಬ ಪದಕ್ಕೂ ಧ್ಯಾನಸಾಧನೆಗೂ ಎರಡು ಸಹಸ್ರ ವರ್ಷಗಳನ್ನು ಮೀರಿದ ಚರಿತ್ರೆಯುಂಟು. ಇಂದು ಬಯಲಿನಲ್ಲಿ ಸಾಮೂಹಿಕವಾಗಿ ಮಾಡುವ ಆಸನಗಳ ಮಾಲೆಗೆ ಹೆಚ್ಚೆಂದರೆ ಕೆಲವು ಶತಮಾನಗಳ ಬೇರುಗಳೂ, ಸುಮಾರು ನೂರು ವರ್ಷಗಳ ರೂಪವೂ ಉಂಟು. ಅದರ ಆರೋಗ್ಯಫಲವು ಪ್ರಯೋಗದಿಂದ ಸಿದ್ಧವಾದಷ್ಟು ಮಾತ್ರ.

ನಮ್ಮ ವಿಭಾಗಗಳಿಗೆ ಸಂಬಂಧಿಸಿದ ಒಂದು ಕೆಲಸವೂ ಬಾಕಿಯಿದೆ. ‘ಯೋಗಮಕರಂದ’ದ ತಮಿಳು ಅವತರಣಿಕೆಯು ೧೯೩೮ರಲ್ಲಿ ಹೊರಬಂದಿತು, ಇಂಗ್ಲಿಷಿನ ಓದುಗರಲ್ಲಿ ಅನೇಕರು ಈ ಗ್ರಂಥವನ್ನು ಬಲ್ಲುದು ಆ ತಮಿಳಿನಿಂದ ಮಾಡಿದ ಅನುವಾದದ ಮೂಲಕ. ಮೂಲವು ಕನ್ನಡವೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿಯೇ ಎಷ್ಟು ಜನರಿಗೆ ಗೊತ್ತು? ಕನ್ನಡ ಮೂಲವನ್ನು ತಮಿಳು ಅವತರಣಿಕೆಯೊಡನೆ ಹೋಲಿಸಿ, ೨೭ ಆಕರಗಳಲ್ಲಿ ಯಾವುದರಿಂದ ಏನು ಬಂದಿದೆ ಎಂದು ಪರಿಶೀಲಿಸಿ, ‘ಯೋಗಾಸನಗಳು’ ಪುಸ್ತಕದ ಕೋಷ್ಟಕಗಳನ್ನು ಜೊತೆಗಿಟ್ಟು, ಪಾರಿಭಾಷಿಕ ಪದಗಳ ಸೂಚಿಯೊಡನೆ ಒಂದು ಶಾಸ್ತ್ರೀಯ ಆವೃತ್ತಿಯನ್ನು ಸಿದ್ಧಪಡಿಸಬೇಕು. ಸಂಸ್ಕೃತ, ಕನ್ನಡ, ತಮಿಳು ಮೂರನ್ನೂ ಬಲ್ಲ ಒಬ್ಬಿಬ್ಬರು ತರುಣ ವಿದ್ವಾಂಸರು ವೈದ್ಯರೊಬ್ಬರ ನೆರವಿನಿಂದ ಮಾಡಬಹುದಾದ ಕೆಲಸ ಇದು. ಫಲಶ್ರುತಿಯ ವಾಕ್ಯಗಳಿಗೆ ಆ ವೈದ್ಯರ ಟಿಪ್ಪಣಿ ಅಡಿಯಲ್ಲಿರಲಿ. ಆಗ ಗ್ರಂಥವನ್ನು ಓದುವವರು ಅದರಿಂದ ಪಡೆಯಬೇಕಾದುದನ್ನು ಪಡೆದು, ಪಡೆಯಬಾರದುದನ್ನು ಬಿಡುವರು.